ಸಣ್ಣ ಗುಡ್ಡ, ಖಾಲಿ ಇಳಿಜಾರು: ಕಡಿಮೆ ಖರ್ಚಿನಲ್ಲಿ ಸ್ಕೀಯಿಂಗ್ ಮಾಡುವ ಬಗೆ

ಸ್ಕೀಯಿಂಗಿಗೆ ಹೊರಟವರು ಮೊದಲು ವಿಚಾರಿಸುವುದು ಬೆಟ್ಟದ ಎತ್ತರವನ್ನು. ಅದಕ್ಕಿಂತ ಉಪಯೋಗದ ಪ್ರಶ್ನೆ ಇನ್ನೊಂದಿದೆ: ಒಂದು ಗಂಟೆಯಲ್ಲಿ ಎಷ್ಟು ಸಲ ಇಳಿಯಬಹುದು?

ಲೆಕ್ಕ ಹಾಕಿ ನೋಡಿ. ನೆತ್ತಿಯಿಂದ ಬುಡಕ್ಕೆ 600 ಮೀಟರ್ ಎತ್ತರದ ಅಂತರವಿರುವ ದೊಡ್ಡ ಬೆಟ್ಟ. ರಜೆಯ ದಿನ. ಬೆಟ್ಟದ ಮೇಲಕ್ಕೊಯ್ಯುವ ಲಿಫ್ಟಿನ ಸಾಲಿನಲ್ಲಿ 25 ನಿಮಿಷ, ಮೇಲೇರಲು 8 ನಿಮಿಷ, ಇಳಿಯಲು 7 ನಿಮಿಷ. ಒಂದು ಸುತ್ತಿಗೆ 40 ನಿಮಿಷ ಹೋಯಿತು. ಗಂಟೆಗೆ ಒಂದೂವರೆ ಸುತ್ತು, ಅಂದರೆ 900 ಮೀಟರ್ ಇಳಿತ. ಈಗ 150 ಮೀಟರಿನ ಸಣ್ಣ ಗುಡ್ಡಕ್ಕೆ ಬನ್ನಿ. ಸಾಲಿಲ್ಲ. ನಿಧಾನದ ಹಳೆಯ ಲಿಫ್ಟ್ 5 ನಿಮಿಷ ತೆಗೆದುಕೊಳ್ಳುತ್ತದೆ, ಇಳಿಯಲು ಎರಡೋ ಮೂರೋ ನಿಮಿಷ. ಗಂಟೆಗೆ ಏಳು ಸುತ್ತು ಆರಾಮವಾಗಿ ಆಗುತ್ತದೆ, 1,050 ಮೀಟರ್ ಇಳಿತ. ಇಳಿತದ ಒಟ್ಟು ಮೊತ್ತದಲ್ಲೇ ಸಣ್ಣ ಗುಡ್ಡ ಮುಂದಿದೆ. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಲಾಭ ಇನ್ನೊಂದು: ಒಂದೇ ತಿರುವನ್ನು ಗಂಟೆಯಲ್ಲಿ ಏಳು ಸಲ ತಿದ್ದಿಕೊಳ್ಳಬಹುದು.

ಸಣ್ಣ ಗುಡ್ಡದಲ್ಲಿ ಕಲಿತರೆ ಮುಂದೆ ಹೋಗಲಾಗದು ಎಂಬ ಅನುಮಾನವಿದ್ದವರು ಲಿಂಡ್ಸಿ ವಾನ್ ಅವರನ್ನು ನೆನೆಯಬಹುದು. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಡೌನ್‌ಹಿಲ್ ಎಂಬ ವೇಗದ ಸ್ಕೀ ಸ್ಪರ್ಧೆಯ ಚಿನ್ನ ಗೆದ್ದ ಅವರು ಬಾಲ್ಯದಲ್ಲಿ ಅಭ್ಯಾಸ ಮಾಡಿದ್ದು ಅಮೆರಿಕದ ಮಿನೆಸೋಟಾದ ಬಕ್ ಹಿಲ್ ಎಂಬ ಗುಡ್ಡದಲ್ಲಿ. ಅದರ ಇಳಿತ 100 ಮೀಟರಿಗಿಂತ ಕಡಿಮೆ.

ಗುಡ್ಡವನ್ನು ಆರಿಸುವುದು

ಗುಡ್ಡದ ಒಡೆಯರು ಯಾರು ಎಂಬುದನ್ನು ಮೊದಲು ನೋಡಿ. ಅಗ್ಗದ ಮತ್ತು ಗದ್ದಲವಿಲ್ಲದ ಗುಡ್ಡಗಳಲ್ಲಿ ಹಲವನ್ನು ನಡೆಸುವುದು ನಗರಸಭೆ, ಕ್ಲಬ್ಬು, ಸಹಕಾರ ಸಂಘ ಅಥವಾ ಲಾಭದ ಉದ್ದೇಶವಿಲ್ಲದ ಸಂಸ್ಥೆ. ಕೊಲರಾಡೋದ ಸ್ಟೀಮ್‌ಬೋಟ್ ಸ್ಪ್ರಿಂಗ್ಸ್‌ನಲ್ಲಿರುವ ಹೌಲ್ಸನ್ ಹಿಲ್ ನಗರಾಡಳಿತದ್ದು. 1915ರಿಂದ ಅಲ್ಲಿ ಸ್ಕೀಯಿಂಗ್ ನಡೆಯುತ್ತಿದೆ, ಹಲವು ಒಲಿಂಪಿಕ್ ಸ್ಪರ್ಧಿಗಳು ಅಲ್ಲಿ ಪಳಗಿದ್ದಾರೆ. ವರ್ಮಾಂಟ್‌ನ ಮ್ಯಾಡ್ ರಿವರ್ ಗ್ಲೆನ್ 1995ರಿಂದ ಸ್ಕೀಯರುಗಳದೇ ಸಹಕಾರ ಸಂಘದ ಕೈಯಲ್ಲಿದೆ. ಅಲ್ಲಿ ಇಂದಿಗೂ ಒಬ್ಬರೇ ಕೂರುವ ಚೇರ್‌ಲಿಫ್ಟ್ ಓಡುತ್ತದೆ. ನ್ಯೂಜಿಲೆಂಡಿನ ಕ್ಯಾಂಟರ್ಬರಿಯಲ್ಲಿ ಕ್ರೇಗಿಬರ್ನ್, ಬ್ರೋಕನ್ ರಿವರ್, ಟೆಂಪಲ್ ಬೇಸಿನ್ ಮುಂತಾದ ಕ್ಲಬ್ ಮೈದಾನಗಳಿವೆ, ಅಂದರೆ ಕ್ಲಬ್ಬುಗಳು ನಡೆಸುವ ಸ್ಕೀ ತಾಣಗಳು. ಅಲ್ಲಿ ಮೇಲಕ್ಕೆಳೆಯುವುದು ಹಗ್ಗ, ದುಡಿಯುವವರಲ್ಲಿ ಅನೇಕರು ಸದಸ್ಯರು. ಇಂಥ ಜಾಗಗಳಲ್ಲಿ ಅದ್ಧೂರಿಯನ್ನು ಹುಡುಕಬಾರದು. ಟಿಕೆಟಿನ ದರ ಕೆಳಗಿರುವುದಕ್ಕೆ ಅದರ ಕೊರತೆಯೂ ಒಂದು ಕಾರಣ.

ಅಗ್ಗವೆಂದರೆ ಸುಲಭವೆಂದು ತಿಳಿಯಬೇಡಿ. ಮ್ಯಾಡ್ ರಿವರ್ ಗ್ಲೆನ್‌ನ ಹಲವು ಹಾದಿಗಳು ಪಳಗಿದವರನ್ನೇ ಹಣ್ಣು ಮಾಡುತ್ತವೆ. ನ್ಯೂಜಿಲೆಂಡಿನ ಕ್ಲಬ್ ಮೈದಾನಗಳಲ್ಲಿ ಕಡಿದಾದ ಇಳಿಜಾರೇ ಹೆಚ್ಚು, ಟೆಂಪಲ್ ಬೇಸಿನ್ನಿಗಂತೂ ವಾಹನ ನಿಲ್ಲಿಸಿ ಬೆಟ್ಟ ನಡೆದೇ ಹತ್ತಬೇಕು. ಹಾಗಾಗಿ ನಕ್ಷೆಯನ್ನು ಓದಿ. ಉತ್ತರ ಅಮೆರಿಕದಲ್ಲಿ ಹಸಿರು ವೃತ್ತ ಸುಲಭದ ಹಾದಿ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಷ್ಟ. ಯುರೋಪಿನಲ್ಲಿ ನೀಲಿಯೇ ಸುಲಭ, ಕೆಂಪು ಮಧ್ಯಮ, ಕಪ್ಪು ಕಷ್ಟ. ಕೆಲವು ದೇಶಗಳಲ್ಲಿ ನೀಲಿಗಿಂತಲೂ ಸುಲಭದ ಹಸಿರು ಹಾದಿ ಇರುತ್ತದೆ. ಈ ಬಣ್ಣಗಳು ಆಯಾ ಬೆಟ್ಟದೊಳಗಿನ ಹೋಲಿಕೆಗೆ ಮಾತ್ರ. ಒಂದು ಗುಡ್ಡದ ಕಪ್ಪು ಇನ್ನೊಂದರ ನೀಲಿಯಾಗಿರಬಹುದು, ಇದರ ತಿರುಗುಮುರುಗೂ ಸಾಧ್ಯ. ಹೊಸಬರು ನಕ್ಷೆಯಲ್ಲಿ ಹುಡುಕಬೇಕಾದದ್ದು ಒಂದನ್ನು: ನೆತ್ತಿಯಿಂದ ಬುಡದವರೆಗೂ ಮಧ್ಯೆ ಎಲ್ಲೂ ಕಡಿದಾಗದೆ ಬರುವ ಒಂದು ಸುಲಭದ ಹಾದಿ. ಅದಿಲ್ಲದ ಗುಡ್ಡದಲ್ಲಿ ಕಲಿಯುವವರು ಇಡೀ ದಿನ ಬುಡದ ಪುಟ್ಟ ಅಂಗಳದಲ್ಲೇ ಉಳಿಯಬೇಕಾಗುತ್ತದೆ.

ಇನ್ನು ಹಿಮ. ತಗ್ಗಿನಲ್ಲಿರುವ ಸಣ್ಣ ಗುಡ್ಡಕ್ಕೆ ಆಕಾಶದ ಹಿಮವನ್ನೇ ನಂಬಿ ಕೂರಲಾಗದು. ಹಿಮ ತಯಾರಿಸುವ ಯಂತ್ರಗಳಿವೆಯೇ, ಎಷ್ಟು ಹಾದಿಗಳಿಗೆ ಇವೆ ಎಂದು ಕೇಳಿ. ಈ ಯಂತ್ರಗಳಿಗೆ ಥರ್ಮಾಮೀಟರಿನ ಅಂಕಿ ಸಾಲದು, ಗಾಳಿಯ ತೇವಾಂಶವೂ ಲೆಕ್ಕಕ್ಕೆ ಬರುತ್ತದೆ. ಎರಡನ್ನೂ ಸೇರಿಸಿ ಅಳೆಯುವ ಆರ್ದ್ರ ಉಷ್ಣತೆ ಸುಮಾರು ಮೈನಸ್ 2 ಡಿಗ್ರಿ ಸೆಲ್ಸಿಯಸ್‌ಗೆ ಇಳಿದರೆ ಕೆಲಸ ಶುರುವಾಗುತ್ತದೆ. ಗಾಳಿ ಬಹಳ ಒಣಗಿದ್ದರೆ ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲಿದ್ದರೂ ಹಿಮ ಮಾಡಬಹುದು. ತೇವ ಹೆಚ್ಚಿದ್ದರೆ ಸೊನ್ನೆಯಲ್ಲೂ ಆಗದು. ಆದ್ದರಿಂದ ಹೊರಡುವ ವಾರದ ರಾತ್ರಿಗಳು ಹೇಗಿದ್ದವು ಎಂದು ನೋಡಿಕೊಂಡರೆ ಇಳಿಜಾರಿನಲ್ಲಿ ಏನು ಕಾದಿದೆ ಎಂದು ಅಂದಾಜು ಸಿಗುತ್ತದೆ. ಉತ್ತರ ಗೋಳಾರ್ಧದಲ್ಲಿ ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಹಿಮ ಹೆಚ್ಚು ದಿನ ನಿಲ್ಲುತ್ತದೆ, ದಕ್ಷಿಣ ಗೋಳಾರ್ಧದಲ್ಲಿ ದಕ್ಷಿಣಕ್ಕೆ ಮುಖ ಮಾಡಿದ್ದರಲ್ಲಿ.

ದಿನ ಮತ್ತು ಹೊತ್ತು

ಸಣ್ಣ ಗುಡ್ಡಗಳು ವಾರದ ಏಳೂ ದಿನ ತೆರೆದಿರುತ್ತವೆ ಎಂದುಕೊಂಡು ಹೊರಡಬೇಡಿ. ಕೆಲವು ವಾರಾಂತ್ಯಕ್ಕೆ ಮಾತ್ರ, ಕೆಲವು ವಾರದಲ್ಲಿ ನಾಲ್ಕು ದಿನ ತೆರೆಯುತ್ತವೆ. ಗಾಳಿ ಜೋರಾದರೆ ಲಿಫ್ಟ್ ನಿಲ್ಲುತ್ತದೆ, ಒಂದೇ ಲಿಫ್ಟ್ ಇರುವ ಕಡೆ ಅಲ್ಲಿಗೆ ದಿನವೂ ಮುಗಿಯುತ್ತದೆ. ಹೊರಡುವ ಬೆಳಗ್ಗೆ ಒಂದು ದೂರವಾಣಿ ಕರೆ ಮಾಡುವುದು ಬಹಳ ಪ್ರಯೋಜನಕಾರಿ. ಅಲ್ಲಿ ಫೋನ್ ಎತ್ತುವವರು ಬಹುಶಃ ಕಿಟಕಿಯಿಂದಲೇ ಇಳಿಜಾರನ್ನು ನೋಡುತ್ತಿರುತ್ತಾರೆ. ‘ಹಾದಿ ಗಟ್ಟಿಯಾಗಿದೆಯೇ, ಮೆತ್ತಗಿದೆಯೇ, ಯಾವ ಲಿಫ್ಟ್ ಓಡುತ್ತಿದೆ?’ ಎಂದು ನೇರವಾಗಿ ಕೇಳಿ.

ವಾರದ ನಡುವಿನ ದಿನ ಸಿಕ್ಕರೆ ಅದಕ್ಕೆ ಸಾಟಿಯಿಲ್ಲ. ಸಿಗದಿದ್ದರೆ ಭಾನುವಾರ ಮಧ್ಯಾಹ್ನ ಒಳ್ಳೆಯದು, ದೂರದಿಂದ ಬಂದವರು ಆ ಹೊತ್ತಿಗೆ ಮನೆಯತ್ತ ಹೊರಟಿರುತ್ತಾರೆ. ಚಳಿಗಾಲದ ನಡುವೆ ಬೆಳಗ್ಗೆ ಬೇಗ ಹೋಗಿ; ರಾತ್ರಿ ಯಂತ್ರ ಹಾಯಿಸಿ ಸಮ ಮಾಡಿದ ಹಾದಿ ಗೆರೆಗೆರೆಯಾಗಿ ಸಿದ್ಧವಾಗಿರುತ್ತದೆ, ಅದರ ಮೇಲೆ ಮೊದಲು ಇಳಿಯುವ ಸುಖ ಮಧ್ಯಾಹ್ನ ಸಿಗದು. ವಸಂತ ಹತ್ತಿರವಾದಾಗ ಈ ಸಲಹೆ ತಲೆಕೆಳಗಾಗುತ್ತದೆ. ಹಗಲು ಕರಗಿದ ಹಿಮ ರಾತ್ರಿ ಹೆಪ್ಪುಗಟ್ಟಿ ಬೆಳಗ್ಗೆ ಗಾಜಿನಂತಾಗಿರುತ್ತದೆ. ಬಿಸಿಲೇರಿದ ಮೇಲೆ ಮೇಲ್ಪದರ ಹರಳು ಹರಳಾಗಿ ಬಿಡಿಸಿಕೊಂಡು ಸ್ಕೀಗೆ ಹಿತವಾಗುತ್ತದೆ, ಮಧ್ಯಾಹ್ನ ಕಳೆದಂತೆ ಕೆಸರಾಗಿ ಕಾಲು ಹಿಡಿಯುತ್ತದೆ. ಆಗ ತಡವಾಗಿ ಹೋಗಿ, ಮೊದಲು ಪೂರ್ವದ ಬಿಸಿಲು ಬಿದ್ದ ಹಾದಿಗಳಲ್ಲಿ ಇಳಿದು, ಹೊತ್ತೇರಿದಂತೆ ಪಶ್ಚಿಮದ ಕಡೆಗೆ ಸರಿಯಿರಿ.

ಖರ್ಚನ್ನು ಹಿಡಿತದಲ್ಲಿಡುವುದು

ಸ್ಕೀಯಿಂಗಿನ ಖರ್ಚಿನಲ್ಲಿ ಮೂರು ತುಂಡುಗಳಿವೆ: ಲಿಫ್ಟ್ ಟಿಕೆಟ್, ಸಲಕರಣೆಯ ಬಾಡಿಗೆ, ತರಬೇತಿ. ಹೊಸಬರಿಗೆಂದು ಈ ಮೂರನ್ನೂ ಒಂದೇ ದರಕ್ಕೆ ಕಟ್ಟಿ ಕೊಡುವ ಪದ್ಧತಿ ಬಹಳ ಗುಡ್ಡಗಳಲ್ಲಿದೆ. ಕಲಿಯುವವರ ಅಂಗಳದ ಲಿಫ್ಟಿಗೆ ಮಾತ್ರ ಸಲ್ಲುವ ಅಗ್ಗದ ಟಿಕೆಟ್ ಇದೆಯೇ ಎಂದೂ ಕೇಳಿ. ಮೊದಲ ದಿನ ಅದಕ್ಕಿಂತ ಹೆಚ್ಚಿನದು ಬೇಕಾಗುವುದಿಲ್ಲ. ಅರ್ಧ ದಿನದ ಟಿಕೆಟ್, ರಾತ್ರಿ ದೀಪದ ಬೆಳಕಿನ ಸ್ಕೀಯಿಂಗ್, ಮುಂಗಡ ಖರೀದಿಯ ರಿಯಾಯಿತಿ ಇವೆಲ್ಲವೂ ಉಳಿತಾಯದ ದಾರಿಗಳು. ಅರ್ಧ ದಿನವೇ ನನ್ನ ಆಯ್ಕೆ. ಸಾಲಿಲ್ಲದ ಗುಡ್ಡದಲ್ಲಿ ನಾಲ್ಕು ಗಂಟೆ ಇಳಿದರೆ ತೊಡೆಗಳು ತಾವಾಗಿಯೇ ಸಾಕೆನ್ನುತ್ತವೆ, ಉಳಿದರ್ಧಕ್ಕೆ ಕೊಟ್ಟ ದುಡ್ಡು ಬೆಂಚಿನ ಮೇಲೆ ಕಳೆಯುತ್ತದೆ.

ಇಡೀ ಋತುವಿನ ಪಾಸ್ ಕೊಳ್ಳುವ ಮುನ್ನ ಪಾಸಿನ ಬೆಲೆಯನ್ನು ಒಂದು ದಿನದ ಟಿಕೆಟಿನಿಂದ ಭಾಗಿಸಿ. ಬಂದ ಸಂಖ್ಯೆಯಷ್ಟು ದಿನ ನಿಜವಾಗಿ ಹೋಗುತ್ತೀರಾ? ಉತ್ಸಾಹಕ್ಕಿಂತ ಪಂಚಾಂಗವನ್ನು ನಂಬಿ ಉತ್ತರಿಸಿ. ಮಕ್ಕಳ ಸಲಕರಣೆಯನ್ನು ಮಾತ್ರ ಋತುವಿಡೀ ಬಾಡಿಗೆಗೆ ಪಡೆಯುವುದೇ ಸರಿ, ಮುಂದಿನ ವರ್ಷಕ್ಕೆ ಕಾಲು ಬೆಳೆದಿರುತ್ತದೆ.

ತರಬೇತಿಯಲ್ಲಿ ಮಾತ್ರ ಉಳಿತಾಯ ಬೇಡ. ಸ್ನೇಹಿತರು ಕಲಿಸುತ್ತೇನೆಂದು ನೆತ್ತಿಗೆ ಕರೆದೊಯ್ದು ‘ಸುಮ್ಮನೆ ಬಾ’ ಎನ್ನುವುದು ಎಲ್ಲ ಗುಡ್ಡಗಳಲ್ಲೂ ನಡೆಯುವ ನಾಟಕ. ಜನ ಕಡಿಮೆಯಿರುವ ದಿನ ಗುಂಪಿನ ತರಗತಿಗೆ ಹಣ ಕೊಟ್ಟರೆ ಗುಂಪಿನಲ್ಲಿ ನೀವೊಬ್ಬರೇ ಅಥವಾ ಇಬ್ಬರೇ ಇರುವ ಸಂಭವ ಹೆಚ್ಚು.

ಬೂಟು ಮೊದಲು, ಸ್ಕೀ ಆಮೇಲೆ

ಬಾಡಿಗೆಯ ಕೌಂಟರಿನಲ್ಲಿ ಎಲ್ಲರ ಕಣ್ಣು ಸ್ಕೀಗಳ ಮೇಲಿರುತ್ತದೆ. ದಿನವನ್ನು ಕೆಡಿಸುವುದು ಬೂಟು. ಸ್ಕೀ ಬೂಟಿನ ಅಳತೆ ಪಾದದ ಉದ್ದ ಸೆಂಟಿಮೀಟರಿನಲ್ಲಿ ಎಷ್ಟೋ ಅಷ್ಟು: ಪಾದ 26 ಸೆಂಟಿಮೀಟರ್ ಇದ್ದರೆ ಬೂಟು 26. ಮನೆಯಲ್ಲೇ ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ಅಳೆದುಕೊಂಡು ಹೋಗಿ. ಒಳಗೆ ಮೊಣಕಾಲಿನವರೆಗೆ ಬರುವ ಒಂದೇ ಜೊತೆ ತೆಳು ಕಾಲುಚೀಲ ಸಾಕು. ಎರಡು ಜೊತೆ ತೊಟ್ಟರೆ ಬೆಚ್ಚಗಿರುತ್ತದೆ ಎನ್ನುವುದು ತಪ್ಪು ಲೆಕ್ಕ. ಮಡಿಕೆ ಬಿದ್ದು ಗಾಯವಾಗುತ್ತದೆ, ಬಿಗಿತಕ್ಕೆ ರಕ್ತಸಂಚಾರ ತಗ್ಗಿ ಪಾದ ಇನ್ನಷ್ಟು ತಣ್ಣಗಾಗುತ್ತದೆ. ಪ್ಯಾಂಟಿನ ಅಂಚನ್ನು ಬೂಟಿನೊಳಗೆ ತುರುಕಬೇಡಿ.

ಬೂಟು ತೊಟ್ಟು ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಹಿಂದಕ್ಕೆ ಕೂರಿಸಿ. ಮುಂದಕ್ಕೆ ಬಾಗಿ ಪಾದದ ಮೇಲ್ಭಾಗದ ಬಕಲನ್ನು ಮೊದಲು ಹಾಕಿ, ಬಳಿಕ ಉಳಿದವು. ನೆಟ್ಟಗೆ ನಿಂತಾಗ ಬೆರಳ ತುದಿ ಮುಂಭಾಗಕ್ಕೆ ಸ್ವಲ್ಪ ತಾಗಬೇಕು, ಮೊಣಕಾಲು ಬಗ್ಗಿಸಿದಾಗ ಹಿಂದೆ ಸರಿಯಬೇಕು. ಮುಂದಕ್ಕೆ ಒತ್ತಿದಾಗ ಹಿಮ್ಮಡಿ ಮೇಲೆದ್ದರೆ ಬೂಟು ದೊಡ್ಡದು, ನಾಚಿಕೆಪಡದೆ ಬದಲಾಯಿಸಿ. ಸ್ಕೀ ಬೂಟಿನಲ್ಲಿ ನಡೆಯುವುದು ಯಾರಿಗೂ ಹಿತವಲ್ಲ, ಅದರಿಂದ ಅಳತೆ ತಪ್ಪಿದೆ ಎಂದು ತೀರ್ಮಾನಿಸಬೇಡಿ.

ಸ್ಕೀ ಹೊಸಬರಿಗೆ ಗಲ್ಲದಿಂದ ಮೂಗಿನವರೆಗಿನ ಎತ್ತರದ್ದಿರಲಿ. ಚಿಕ್ಕ ಸ್ಕೀ ಬೇಗ ತಿರುಗುತ್ತದೆ. ಯಂತ್ರದ ಹಿಮ ಸಹಜ ಹಿಮಕ್ಕಿಂತ ಗಟ್ಟಿ, ಆದ್ದರಿಂದ ಸಣ್ಣ ಗುಡ್ಡದಲ್ಲಿ ಸ್ಕೀಯ ಉಕ್ಕಿನ ಅಂಚು ಹರಿತವಾಗಿರುವುದು ಮುಖ್ಯ. ಅಂಚಿನ ಮೇಲೆ ಉಗುರನ್ನು ಅಡ್ಡಲಾಗಿ ಮೃದುವಾಗಿ ಎಳೆದು ನೋಡಿ, ಉಗುರಿನ ಪುಡಿ ಏಳದಿದ್ದರೆ ಅಂಚು ಮೊಂಡಾಗಿದೆ. ಬೇರೆ ಜೊತೆ ಕೇಳಿ.

ಬೈಂಡಿಂಗ್ ಎಂದರೆ ಬೂಟನ್ನು ಸ್ಕೀಗೆ ಹಿಡಿದಿಟ್ಟು, ಬಿದ್ದಾಗ ಬಿಟ್ಟುಕೊಡುವ ಸಾಧನ. ಅದು ಎಷ್ಟು ಬಲಕ್ಕೆ ಬಿಡಬೇಕು ಎಂಬುದನ್ನು ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ಸ್ಕೀ ಮಾಡುವ ರೀತಿ ಇವನ್ನು ನೋಡಿ ತಂತ್ರಜ್ಞರು ನಿಗದಿ ಮಾಡುತ್ತಾರೆ. ಅರ್ಜಿಯಲ್ಲಿ ತೂಕವನ್ನು ನಾಲ್ಕು ಕಿಲೋ ಕಡಿಮೆ ಬರೆಯುವ, ಅನುಭವವನ್ನು ಒಂದು ಮೆಟ್ಟಿಲು ಏರಿಸಿ ಬರೆಯುವ ಚಪಲ ಅನೇಕರಿಗಿದೆ. ಈ ಸುಳ್ಳಿಗೆ ಬೆಲೆ ತೆರುವುದು ಮೊಣಕಾಲು. ಹಳೆಯ ಸಲಕರಣೆಯನ್ನು ಅಗ್ಗಕ್ಕೆ ಕೊಳ್ಳುವವರೂ ಇದನ್ನು ನೆನಪಿಡಿ: ಬಳಸುವ ಮೊದಲು ಬೈಂಡಿಂಗನ್ನು ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿ, ಬೂಟಿನ ಪ್ಲಾಸ್ಟಿಕ್ ವರ್ಷಗಳಲ್ಲಿ ಬಿರುಕುಬಿಡುತ್ತದೆ ಎಂಬುದನ್ನು ಮರೆಯಬೇಡಿ, ಯಾರೋ ಬಳಸಿದ ಹೆಲ್ಮೆಟನ್ನು ಮಾತ್ರ ಮುಟ್ಟಲೇಬೇಡಿ.

ಬಟ್ಟೆಯ ವಿಷಯ ಬೇಗ ಮುಗಿಯುತ್ತದೆ. ಮೈಗೆ ತಾಗುವ ಪದರ ಉಣ್ಣೆ ಅಥವಾ ಸಿಂಥೆಟಿಕ್, ನಡುವೆ ಬೆಚ್ಚನೆಯದು, ಹೊರಗೆ ಗಾಳಿ ಮತ್ತು ನೀರು ತಡೆಯುವುದು. ಹತ್ತಿ ಬೇಡ; ಬೆವರಿಗೆ ನೆನೆದರೆ ಒಣಗದು. ಮೋಡದ ದಿನಕ್ಕೆ ಹಳದಿ ಅಥವಾ ಗುಲಾಬಿ ಛಾಯೆಯ ಕನ್ನಡಕ, ಬಿಸಿಲಿಗೆ ಗಾಢ ಬಣ್ಣದ್ದು. ಹೊಸ ಹಿಮ ನೇರಳಾತೀತ ಕಿರಣಗಳಲ್ಲಿ ಶೇ. 80ರವರೆಗೂ ಹಿಂದಕ್ಕೆ ಚಿಮ್ಮಿಸುತ್ತದೆ, ಆದ್ದರಿಂದ ಸನ್‌ಸ್ಕ್ರೀನನ್ನು ಗಲ್ಲದ ಅಡಿಗೂ ಹಚ್ಚಿ.

ಮೊದಲ ಗಂಟೆ

ಸಮತಟ್ಟಿನಲ್ಲೇ ಶುರು ಮಾಡಿ. ಬೂಟಿನ ಅಡಿಗೆ ಅಂಟಿದ ಹಿಮವನ್ನು ಕೆರೆದು ತೆಗೆಯಿರಿ, ಇಲ್ಲವಾದರೆ ಬೈಂಡಿಂಗ್ ಸರಿಯಾಗಿ ಕಚ್ಚುವುದಿಲ್ಲ. ಒಂದೇ ಸ್ಕೀ ಹಾಕಿಕೊಂಡು ಸುತ್ತ ನಡೆದಾಡಿ, ಬಳಿಕ ಕಾಲು ಬದಲಿಸಿ. ಇಳಿಜಾರಿನಲ್ಲಿ ಹಾಕಿಕೊಳ್ಳುವಾಗ ಸ್ಕೀಗಳು ಇಳಿಜಾರಿಗೆ ಅಡ್ಡಲಾಗಿರಲಿ, ತಗ್ಗಿನ ಕಡೆಯ ಸ್ಕೀ ಮೊದಲು. ಆಮೇಲೆ ಅಡ್ಡಹೆಜ್ಜೆಯಲ್ಲಿ ನಾಲ್ಕೈದು ಮೀಟರ್ ಹತ್ತಿ, ಕೆಳಗೆ ತಾನಾಗಿ ನಿಲ್ಲುವಂಥ ಸಮತಟ್ಟು ಇರುವ ಕಡೆ ನೇರವಾಗಿ ಜಾರಿ.

ಮುಂದಿನದು ಸ್ನೋಪ್ಲೌ: ಮುಂದಿನ ತುದಿಗಳು ಹತ್ತಿರ, ಹಿಂದಿನ ತುದಿಗಳು ದೂರ, ಒಳ ಅಂಚುಗಳ ಮೇಲೆ ಭಾರ. ಅಗಲಿಸಿದಷ್ಟೂ ವೇಗ ತಗ್ಗುತ್ತದೆ. ತಿರುಗಬೇಕಾದರೆ ಹೊರಗಿನ ಕಾಲಿನ ಮೇಲೆ ಭಾರ ಹಾಕಿ. ಎಡಕ್ಕೆ ತಿರುಗಲು ಬಲಗಾಲು, ಬಲಕ್ಕೆ ತಿರುಗಲು ಎಡಗಾಲು. ನೋಟ ಹೋಗಬೇಕಾದ ಕಡೆಗಿರಲಿ, ಸ್ಕೀ ತುದಿಯ ಮೇಲಲ್ಲ.

ಇಳಿಜಾರಿನ ಎದುರು ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ. ಹೆದರಿದ ಮೈಗೆ ಅದೇ ಸುರಕ್ಷಿತವೆನಿಸುತ್ತದೆ. ಆದರೆ ಹಿಂದಕ್ಕೆ ವಾಲಿದ ಕ್ಷಣ ಸ್ಕೀಗಳ ಮುಂಭಾಗ ಹಗುರಾಗುತ್ತದೆ, ಮಾತು ಕೇಳುವುದನ್ನು ನಿಲ್ಲಿಸುತ್ತದೆ. ಕಣಕಾಲಿನ ಮುಂಭಾಗ ಬೂಟಿನ ನಾಲಿಗೆಗೆ ಒತ್ತಿಕೊಂಡಿದೆಯೇ, ಎರಡು ಕೈಗಳೂ ಕಣ್ಣಿಗೆ ಕಾಣುವಂತೆ ಮುಂದಿವೆಯೇ ಎಂದು ಪ್ರತಿ ತಿರುವಿನಲ್ಲಿ ಗಮನಿಸಿ. ಈ ಎರಡೇ ತಪಾಸಣೆ ಮೊದಲ ದಿನಕ್ಕೆ ಸಾಕು.

ಬೀಳುವುದು ಖಚಿತವಾದರೆ ಪಕ್ಕಕ್ಕೆ ಕುಳಿತಂತೆ ಬೀಳಿ, ಕೈಯೂರಿ ತಡೆಯಬೇಡಿ. ಪೂರ್ತಿ ನಿಲ್ಲುವವರೆಗೆ ಏಳಲು ಹೊರಡಬೇಡಿ. ಏಳುವಾಗ ಸ್ಕೀಗಳು ಮೈಗಿಂತ ಕೆಳಗೆ, ಇಳಿಜಾರಿಗೆ ಅಡ್ಡಲಾಗಿರಬೇಕು; ಇದಾಗದೆ ಎದ್ದರೆ ಎದ್ದ ಜಾಗದಿಂದಲೇ ಮತ್ತೆ ಜಾರುತ್ತೀರಿ.

ಸಣ್ಣ ಗುಡ್ಡದ ಅನುಕೂಲವನ್ನು ಬಳಸಿಕೊಳ್ಳುವುದು ಇಲ್ಲಿಂದ ಮುಂದೆ. ಒಂದು ಇಳಿತಕ್ಕೆ ಒಂದೇ ಕೆಲಸ ಇಟ್ಟುಕೊಳ್ಳಿ. ಮೊದಲು ಎಡತಿರುವಿನ ಮೇಲಷ್ಟೇ ಗಮನ, ಮುಂದಿನ ಸಲ ಕೈಗಳ ಮೇಲೆ, ಅದರ ಮುಂದೆ ಗೊತ್ತುಮಾಡಿಕೊಂಡ ಕಂಬದ ಪಕ್ಕದಲ್ಲಿ ಸರಿಯಾಗಿ ನಿಲ್ಲುವುದು. ಹಾದಿ ಖಾಲಿಯಿರುವುದರಿಂದ ಅಗಲವಿಡೀ ನಿಮ್ಮದು. ಇಳಿಜಾರನ್ನು ಅಡ್ಡಕ್ಕೆ ದಾಟುತ್ತ ದೊಡ್ಡ ತಿರುವುಗಳನ್ನು ಮಾಡಿ. ತಿರುವನ್ನು ಪೂರ್ತಿ ಮುಗಿಸಿ ಸ್ವಲ್ಪ ಮೇಲ್ಮುಖವಾದರೆ ವೇಗ ತಾನೇ ಇಳಿಯುತ್ತದೆ, ಬ್ರೇಕಿನ ಹಂಗು ಬೇಕಿಲ್ಲ.

ಹಳೆಯ ಲಿಫ್ಟುಗಳ ಸಹವಾಸ

ಸಣ್ಣ ಗುಡ್ಡದಲ್ಲಿ ಇಳಿಯುವುದಕ್ಕಿಂತ ಹತ್ತುವುದೇ ಮೊದಲು ಪರೀಕ್ಷೆ ಮಾಡುತ್ತದೆ. ಚಲಿಸುವ ಪಟ್ಟಿಯ ಲಿಫ್ಟ್ ಇದ್ದರೆ ಪುಣ್ಯ: ನಡೆದು ಹೋಗಿ ನಿಲ್ಲಿ, ಅಲುಗಾಡಬೇಡಿ, ಅಷ್ಟೇ.

ಹಗ್ಗದ ಲಿಫ್ಟ್ ಬಹಳ ಸರಳ ಯಂತ್ರ. ಅಮೆರಿಕದಲ್ಲಿ ಮೊದಲನೆಯದು 1934ರಲ್ಲಿ ವರ್ಮಾಂಟ್‌ನ ವುಡ್‌ಸ್ಟಾಕ್‌ನಲ್ಲಿ ಫೋರ್ಡ್ ಕಾರಿನ ಎಂಜಿನ್ ಬಲದಿಂದ ಓಡಿತು. ತತ್ವ ಇಂದಿಗೂ ಅದೇ: ಓಡುವ ಹಗ್ಗ, ಹಿಡಿಯುವ ಕೈ. ಓಡುತ್ತಿರುವ ಹಗ್ಗವನ್ನು ಗಪ್ಪನೆ ಹಿಡಿದರೆ ಮುಗ್ಗರಿಸುತ್ತೀರಿ. ಸ್ಕೀಗಳನ್ನು ನೇರ ಮಾಡಿ, ಹಗ್ಗ ಅಂಗೈಯೊಳಗೆ ಜಾರಲು ಬಿಟ್ಟು, ನಿಧಾನವಾಗಿ ಬಿಗಿ ಹಿಡಿಯುತ್ತ ಹೋಗಿ. ಚರ್ಮದ ಅಂಗೈಯಿರುವ ಹಳೆಯ ಕೈಗವಸು ತನ್ನಿ, ಹೊಸದನ್ನು ಹಗ್ಗ ತಿಂದುಹಾಕುತ್ತದೆ. ಸ್ಕಾರ್ಫು, ಬಿಟ್ಟ ಕೂದಲು, ನೇತಾಡುವ ಪಟ್ಟಿಗಳನ್ನು ಜಾಕೆಟಿನೊಳಗೆ ಸೇರಿಸಿ.

ಟಿ ಆಕಾರದ ಪಟ್ಟಿಯಿರುವ ಟಿ-ಬಾರ್ ಮತ್ತು ತಟ್ಟೆಯಾಕಾರದ ಪ್ಲ್ಯಾಟರ್ ಲಿಫ್ಟಿನಲ್ಲಿ ಎಲ್ಲರೂ ಮಾಡುವ ತಪ್ಪು ಕುಳಿತುಕೊಳ್ಳುವುದು. ಅದು ಎಳೆಯುವ ಸಾಧನ, ಭಾರ ಹಾಕಿದರೆ ಹಗ್ಗ ಉದ್ದವಾಗಿ ನೆಲಕ್ಕೆ ಕೂರುತ್ತೀರಿ. ನಿಂತೇ ಇರಿ, ಮೊಣಕಾಲು ತುಸು ಬಾಗಿರಲಿ, ಸ್ಕೀಗಳು ಸಮಾನಾಂತರವಾಗಿ ಜಾಡಿನಲ್ಲಿರಲಿ, ಮೊದಲ ಜಗ್ಗಾಟಕ್ಕೆ ಸಿದ್ಧರಾಗಿ. ಟಿ-ಬಾರನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳುವಾಗ ಎತ್ತರದಲ್ಲಿ ಸಮನಾದವರನ್ನು ಹುಡುಕಿ, ಇಲ್ಲವಾದರೆ ಪಟ್ಟಿ ಒಬ್ಬರ ತೊಡೆಗೂ ಇನ್ನೊಬ್ಬರ ಬೆನ್ನಿಗೂ ಒತ್ತುತ್ತದೆ. ಬಿದ್ದರೆ ತಕ್ಷಣ ಬಿಟ್ಟು, ಹೊರಳಿ ಜಾಡಿನಿಂದ ಹೊರಗೆ ಸರಿಯಿರಿ; ಹಿಂದೆ ಇನ್ನೊಬ್ಬರು ಬರುತ್ತಿರುತ್ತಾರೆ.

ಚೇರ್‌ಲಿಫ್ಟ್ 1936ರಲ್ಲಿ ಅಮೆರಿಕದ ಐಡಾಹೋದ ಸನ್ ವ್ಯಾಲಿಯಲ್ಲಿ ಮೊದಲು ಬಂತು. ರೂಪಿಸಿದ ಎಂಜಿನಿಯರ್ ಜೇಮ್ಸ್ ಕರನ್ ಹಡಗಿಗೆ ಬಾಳೆಗೊನೆ ತುಂಬಿಸುವ ಸಾಗಣೆ ವ್ಯವಸ್ಥೆಯಿಂದ ಆಲೋಚನೆ ಪಡೆದಿದ್ದರು. ಕೆಲವು ಹಳೆಯ ಲಿಫ್ಟುಗಳಲ್ಲಿ ಕುರ್ಚಿ ಕಾಲಿಗೆ ಬಡಿದು ಎತ್ತಿಕೊಳ್ಳುವ ರೀತಿ ನೋಡಿದರೆ, ಈ ಮೂಲ ಇನ್ನೂ ಪೂರ್ತಿ ಬಿಟ್ಟುಹೋಗಿಲ್ಲ ಎನಿಸುತ್ತದೆ. ಹಗ್ಗಕ್ಕೆ ಖಾಯಂ ಕಚ್ಚಿಕೊಂಡ ಈ ಕುರ್ಚಿಗಳು ನಿಲ್ದಾಣದಲ್ಲಿ ವೇಗ ತಗ್ಗಿಸುವುದಿಲ್ಲ. ಕೈಯಲ್ಲಿ ಹಿಡಿಯುವ ಸ್ಕೀ ಕಂಬಿಗಳ ಪಟ್ಟಿಯನ್ನು ಮಣಿಕಟ್ಟಿನಿಂದ ಬಿಡಿಸಿ ಎರಡನ್ನೂ ಒಂದೇ ಕೈಯಲ್ಲಿ ಹಿಡಿಯಿರಿ, ಭುಜದ ಮೇಲಿನಿಂದ ಹಿಂದೆ ನೋಡುತ್ತ ಬರುವ ಕುರ್ಚಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಕೂರಿ, ಅಡ್ಡಕಂಬಿ ಇಳಿಸಿ. ಇಳಿಯುವಾಗ ಸ್ಕೀ ತುದಿ ಮೇಲೆತ್ತಿ, ನೆಲ ತಾಗಿದೊಡನೆ ಎದ್ದು ನೇರವಾಗಿ ಜಾರಿ ಜಾಗ ಖಾಲಿ ಮಾಡಿ. ಭಯವಿದ್ದರೆ ಹತ್ತುವ ಮೊದಲೇ ನಿರ್ವಾಹಕರಿಗೆ ‘ನಿಧಾನ ಮಾಡಿ’ ಎಂದು ಹೇಳಿ. ಸಣ್ಣ ಗುಡ್ಡದಲ್ಲಿ ಇದನ್ನು ಯಾರೂ ತಪ್ಪಾಗಿ ತಿಳಿಯುವುದಿಲ್ಲ, ಎರಡನೇ ಸುತ್ತಿಗೆ ಅವರೇ ಗುರುತು ಹಿಡಿದು ನಿಧಾನ ಮಾಡುತ್ತಾರೆ.

ಇಳಿಜಾರಿನ ನಿಯಮ

ಅಂತರರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಒಕ್ಕೂಟದ ಹತ್ತು ನಡವಳಿಕೆ ನಿಯಮಗಳಿವೆ. ಮೊದಲ ದಿನ ತಲೆಯಲ್ಲಿರಬೇಕಾದವು ಕೆಲವು. ಕೆಳಗಿರುವವರಿಗೆ ಮೊದಲ ಹಕ್ಕು, ಮೇಲಿನಿಂದ ಬರುವವರು ತಪ್ಪಿಸಿಕೊಂಡು ಹೋಗಬೇಕು. ನಿಲ್ಲುವುದಾದರೆ ಹಾದಿಯ ಅಂಚಿನಲ್ಲಿ, ಮೇಲಿನವರಿಗೆ ಕಾಣುವ ಜಾಗದಲ್ಲಿ. ದಿಬ್ಬದ ಮರೆಯಲ್ಲಿ ಎಂದೂ ಬೇಡ. ಹೊರಡುವ ಮೊದಲು ಮೇಲೆ ನೋಡಿ. ಅಪಘಾತ ಕಂಡರೆ ನಿಂತು ನೆರವಾಗಿ. ಖಾಲಿ ಹಾದಿಯಲ್ಲಿ ವೇಗ ಗೊತ್ತಿಲ್ಲದೆ ಏರುತ್ತದೆ, ಜನರಿಲ್ಲ ಎಂಬ ಧೈರ್ಯವೇ ಅಲ್ಲಿನ ಅಪಾಯ. ಗಸ್ತು ಸಿಬ್ಬಂದಿಯ ಸಂಖ್ಯೆಯೂ ಕಡಿಮೆಯಿರುವುದರಿಂದ ಅವರ ದೂರವಾಣಿ ಸಂಖ್ಯೆಯನ್ನು ಟಿಕೆಟ್ ಕೊಳ್ಳುವಾಗಲೇ ಮೊಬೈಲಿನಲ್ಲಿ ಉಳಿಸಿಕೊಳ್ಳಿ. ಚಳಿಗೆ ಬ್ಯಾಟರಿ ಬೇಗ ಬರಿದಾಗುತ್ತದೆ, ಮೊಬೈಲನ್ನು ಒಳಪದರದ ಜೇಬಿನಲ್ಲಿಡಿ. ಹಗ್ಗ ಕಟ್ಟಿ ಮುಚ್ಚಿದ ಹಾದಿಗೆ ಇಣುಕಬೇಡಿ. ಅಡಿಯಲ್ಲಿ ಕಲ್ಲೋ ತೊರೆಯೋ ಇರುತ್ತದೆ.

ತಿರುವಿನ ಕೊನೆಯಲ್ಲಿ ಸ್ಕೀಗಳು ತಡವಾಗಿ ಸೇರತೊಡಗಿದರೆ, ಕುಳಿತಲ್ಲಿಂದ ಏಳಲು ಕಂಬಿಯ ಆಸರೆ ಬೇಕೆನಿಸಿದರೆ ಅಂದಿನ ಮಟ್ಟಿಗೆ ನಿಲ್ಲಿಸುವ ಹೊತ್ತಾಯಿತು. ‘ಇನ್ನೊಂದೇ ಒಂದು ಸಲ’ ಎನ್ನುವ ಮಾತನ್ನು ದಣಿವಿಲ್ಲದಾಗ ಮಾತ್ರ ಆಡಿ. ಕೆಳಗಿಳಿದ ಮೇಲೆ ಸ್ವಂತ ಸ್ಕೀಗಳಾದರೆ ಉಕ್ಕಿನ ಅಂಚನ್ನು ಬಟ್ಟೆಯಿಂದ ಒರೆಸಿ, ಒದ್ದೆ ಬಿಟ್ಟರೆ ಮರುದಿನಕ್ಕೇ ತುಕ್ಕು ಕಾಣಿಸುತ್ತದೆ. ಬೂಟಿನ ಒಳಪದರವನ್ನು ಹೊರತೆಗೆದು ಬೆಂಕಿ ಮತ್ತು ಹೀಟರಿನಿಂದ ದೂರ ಒಣಗಿಸಿ, ಒಣಗಿದ ಮೇಲೆ ಮರಳಿ ಸೇರಿಸಿ ಬಕಲುಗಳನ್ನು ಸಡಿಲವಾಗಿ ಹಾಕಿಡಿ. ತೆರೆದೇ ಬಿಟ್ಟ ಬೂಟು ಆಕಾರ ಕೆಟ್ಟು ಮುಂದಿನ ಸಲ ಕಾಲು ಕಚ್ಚುತ್ತದೆ.